ಸೋತ ಆಟದ ಲೆಕ್ಕ

ಆಟಿ ತಿಂಗಳು ಬಂದಿತೆಂದರೆ ತುಳುನಾಡಿನ ಮನೆಗಳಲ್ಲಿ ಹಿಂದೆ ಅಟ್ಟದ ಮೇಲಿದ್ದ ಚೆನ್ನೆಮಣೆ ಕೆಳಗೆ ಇಳಿಯುತ್ತಿತ್ತು. ಹೊರಗೆ ಬಿಡದೆ ಸುರಿಯುವ ಮಳೆ; ಗದ್ದೆಯ ಕೆಲಸ ಮುಗಿದಿದೆ; ಕಡಲಿಗೆ ದೋಣಿ ಇಳಿಸುವಂತಿಲ್ಲ. ಹದಿನಾಲ್ಕು ಗುಳಿಗಳ ಆ ಮರದ ಮಣೆಯ ಎರಡು ಬದಿಗಳಲ್ಲಿ ಇಬ್ಬರು ಕುಳಿತು, ಬೀಜಗಳನ್ನು ಒಂದೊಂದಾಗಿ ಉದುರಿಸುತ್ತ, ಮನಸ್ಸಿನಲ್ಲಿಯೇ ಎಣಿಕೆ ಹಾಕುತ್ತ ಹೊತ್ತು ಕಳೆಯುತ್ತಿದ್ದರು. ಮಂಗಳೂರಿನ ಕುದ್ರೋಳಿಯಂತಹ ಪೇಟೆಯ ಭಾಗದಲ್ಲಿ ಆ ಮಣೆ ಈಗ ಅಪರೂಪವಾಗಿದೆ. ಆದರೆ ಮಳೆ ಹಾಗೆಯೇ ಇದೆ, ಜಗಲಿಗಳೂ ಅಲ್ಲಲ್ಲಿ ಉಳಿದಿವೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥ ಕ್ಷೇತ್ರದ ಸುತ್ತಲಿನ ಬೀದಿಗಳಿಂದ ಪಡುವಣದ ಗುರುಪುರ ಹೊಳೆಯ ದಂಡೆಯವರೆಗೆ ಮಳೆಗಾಲದ ಸಂಜೆ ನಡೆದು ಹೋದರೆ, ಯಾವುದಾದರೊಂದು ಜಗಲಿಯಲ್ಲಿ ಚದುರಂಗದ ಹಲಗೆಯ ಮೇಲೆ ಬಾಗಿದ ಎರಡು ತಲೆಗಳು ಕಾಣಿಸದೆ ಇರಲಾರವು.

ಅಂತಹ ಒಂದು ಜಗಲಿಯಲ್ಲಿ ನಾನು ಬಹಳ ವರ್ಷಗಳ ಕಾಲ ಇಬ್ಬರು ಗೆಳೆಯರನ್ನು ನೋಡಿದ್ದೇನೆ. ಇಬ್ಬರೂ ಸಜ್ಜನರು, ಇಬ್ಬರಿಗೂ ಆಟವೆಂದರೆ ಪ್ರಾಣ. ಸಂಜೆ ಕುಳಿತರೆಂದರೆ ಊಟಕ್ಕೆ ಕರೆ ಬರುವುದರೊಳಗೆ ಏಳೆಂಟು ಆಟಗಳು ಮುಗಿಯುತ್ತಿದ್ದವು. ಒಂದು ಆಟದಲ್ಲಿ ರಾಜ ಸಿಕ್ಕಿಬಿದ್ದೊಡನೆ ಕಾಯಿಗಳನ್ನು ಬಾಚಿ ಮತ್ತೆ ಸಾಲಾಗಿ ನಿಲ್ಲಿಸುವರು; ಸೋತ ಆಟದ ಕುರಿತು ಒಂದು ಮಾತೂ ಇಲ್ಲ. ಹೀಗೆ ಅವರು ಆಡಿದ ಆಟಗಳನ್ನು ಲೆಕ್ಕ ಹಾಕಿದರೆ ಹಲವು ಸಾವಿರಗಳಾದಾವು. ಆದರೂ ಅವರ ಆಟ ಮೊದಲು ಇದ್ದಲ್ಲಿಯೇ ಇತ್ತು. ಮೊದಲ ವರ್ಷ ಕುದುರೆಯನ್ನು ಯಾವ ಮನೆಯಲ್ಲಿ ಸುಮ್ಮನೆ ಕಳೆದುಕೊಳ್ಳುತ್ತಿದ್ದರೋ ಕೊನೆಯ ವರ್ಷವೂ ಅದೇ ಮನೆಯಲ್ಲಿ ಕಳೆದುಕೊಳ್ಳುತ್ತಿದ್ದರು. ಬಹಳ ಆಡಿದರೆ ಆಟ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹೆಚ್ಚಿನವರಿಗೆ ಇದೆ. ಆ ಜಗಲಿಯನ್ನು ಕಂಡ ಮೇಲೆ ನನಗೆ ಆ ನಂಬಿಕೆ ಉಳಿಯಲಿಲ್ಲ.

ಅವರನ್ನು ನೋಡಿ ನಗುವ ಅಧಿಕಾರವೂ ನನಗಿಲ್ಲ. ಬಾಲ್ಯದಲ್ಲಿ ನನಗೆ ಯಾರೋ ಒಂದು ಉಪಾಯವನ್ನು ಹೇಳಿಕೊಟ್ಟಿದ್ದರು. ಮಂತ್ರಿ ಮತ್ತು ಒಂಟೆ ಇವೆರಡನ್ನೂ ಬೇಗನೆ ಹೊರಗೆ ತಂದು, ಎದುರಾಳಿಯ ರಾಜನ ಬದಿಯಲ್ಲಿ ಬೇರೆ ಯಾವ ಕಾಯಿಯ ರಕ್ಷಣೆಯೂ ಇಲ್ಲದ ಕಾಲಾಳಿನ ಮೇಲೆ ಒಟ್ಟಿಗೆ ಹಾಯಿಸಿದರೆ ನಾಲ್ಕನೆಯ ನಡೆಗೇ ಆಟ ಮುಗಿಯುತ್ತದೆ. ನಮ್ಮ ಬೀದಿಯ ಹುಡುಗರೆಲ್ಲ ಅದಕ್ಕೆ ಬಲಿಯಾದರು. ನಾನು ದೊಡ್ಡ ಆಟಗಾರನೆಂದೇ ತಿಳಿದುಕೊಂಡೆ. ಮುಂದೆ ಒಂದು ಪಂದ್ಯದಲ್ಲಿ ನನ್ನ ಎದುರು ಕುಳಿತ ಸಣ್ಣ ಹುಡುಗಿ ಒಂದು ಕುದುರೆಯನ್ನು ಮುಂದಿಟ್ಟು ನನ್ನ ಮಂತ್ರಿಯನ್ನು ಹಿಂದಕ್ಕೆ ಅಟ್ಟಿದಳು. ಮತ್ತೊಂದು ಕುದುರೆಯಿಂದ ಮತ್ತೊಮ್ಮೆ ಅಟ್ಟಿದಳು. ನನ್ನ ಮಂತ್ರಿ ಓಡಾಡುತ್ತಿರುವಾಗ ಅವಳ ಕಾಯಿಗಳೆಲ್ಲ ತಮ್ಮ ತಮ್ಮ ಸ್ಥಾನಕ್ಕೆ ಬಂದು ನಿಂತಿದ್ದವು. ಸೋತು ಮನೆಗೆ ಬಂದವನು ಏನು ಹೇಳಿದೆ ಬಲ್ಲಿರಾ? ದೀಪದ ಬೆಳಕು ಸರಿಯಿರಲಿಲ್ಲ ಎಂದೆ. ನನ್ನನ್ನು ಅಷ್ಟು ದಿನ ಕೆಡಿಸಿದ್ದು ಸೋಲಲ್ಲ, ಗೆಲುವು. ಎದುರಾಳಿಯ ಅಜ್ಞಾನದಿಂದ ಬಂದ ಗೆಲುವನ್ನು ನಾನು ನನ್ನ ಜ್ಞಾನದ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಹವ್ಯಾಸಿಯಾದವನು ಆಟದಲ್ಲಿ ಮುಂದೆ ಬರಬೇಕಾದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಒಂದೇ: ಸೋತ ಆಟವನ್ನು ಬರೆದಿಟ್ಟುಕೊಂಡು ಮರುದಿನ ಅದರ ಮುಂದೆ ಒಬ್ಬನೇ ಕುಳಿತುಕೊಳ್ಳಬೇಕು. ದೊಡ್ಡ ಪಂದ್ಯಗಳಲ್ಲಿ ನಡೆಗಳನ್ನು ಬರೆಯುವುದು ಆಟಗಾರನ ಕರ್ತವ್ಯವೆಂದು ನಿಯಮವೇ ಇದೆ. ಜಗಲಿಯ ಆಟದಲ್ಲಿ ಆ ನಿಯಮ ಇಲ್ಲದಿರುವುದರಿಂದ ನಮ್ಮ ತಪ್ಪುಗಳೆಲ್ಲ ಕಾಯಿಗಳೊಡನೆ ಡಬ್ಬಿಯೊಳಗೆ ಸೇರಿಹೋಗುತ್ತವೆ. ಬರೆಯುವುದು ಕಷ್ಟದ ಕೆಲಸವೇನೂ ಅಲ್ಲ. ಹಲಗೆಯ ಎಂಟು ಕಂಬಸಾಲುಗಳಿಗೆ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು; ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕಿ. ಅರುವತ್ತನಾಲ್ಕು ಮನೆಗಳಿಗೂ ಹೀಗೆ ಒಂದೊಂದು ವಿಳಾಸ ದೊರೆಯುತ್ತದೆ. ಹಳೆಯ ಲೆಕ್ಕದ ಪುಸ್ತಕದ ಬಿಳಿಯ ಬದಿ ಇದಕ್ಕೆ ಧಾರಾಳವಾಗಿ ಸಾಕು.

ಮರುದಿನ ಆ ಹಾಳೆಯನ್ನು ಎದುರಿಗಿಟ್ಟು ಆಟವನ್ನು ಮತ್ತೆ ಆಡಿ ನೋಡಿದರೆ ಮೊದಲು ಆಗುವುದು ನಾಚಿಕೆ. ಸೋಲಿಗೆ ಕಾರಣ ಯಾವುದೋ ಗಹನವಾದ ತಂತ್ರ ಎಂದು ನಾವು ಭಾವಿಸಿದ್ದೆವು. ನೋಡಿದರೆ ಹದಿನಾಲ್ಕನೆಯ ನಡೆಯಲ್ಲಿ ಒಂಟೆಯನ್ನು ಕಾವಲಿಲ್ಲದ ಮನೆಯಲ್ಲಿ ಬಿಟ್ಟು ಬಂದಿದ್ದೇವೆ. ಹವ್ಯಾಸಿಗಳ ಆಟದಲ್ಲಿ ಹತ್ತಕ್ಕೆ ಎಂಟು ಸೋಲುಗಳು ಈ ಜಾತಿಯವು ಎಂದು ನನ್ನ ಅನುಭವ. ನಮ್ಮ ನಡೆಯ ಸೊಗಸಿನಲ್ಲಿ ಮೈಮರೆತು, ಇದಕ್ಕೆ ಎದುರಾಳಿ ಏನು ಮಾಡಬಲ್ಲ ಎಂಬ ಸಣ್ಣ ಪ್ರಶ್ನೆಯನ್ನು ಕೇಳಿಕೊಳ್ಳದೆ ಇರುವುದೇ ಇದರ ಮೂಲ. ಹಾಳೆಯ ಅಂಚಿನಲ್ಲಿ ಆ ಕ್ಷಣ ತಾನು ಏನನ್ನು ಯೋಚಿಸಿದ್ದೆ ಎಂದು ಒಂದು ಸಾಲು ಬರೆಯಬೇಕು. ಹೀಗೆ ಇಪ್ಪತ್ತು ಆಟಗಳು ಸೇರಿದರೆ ಒಂದು ವಿಚಿತ್ರ ಕಾಣಿಸುತ್ತದೆ. ನಮ್ಮ ತಪ್ಪುಗಳು ಇಪ್ಪತ್ತು ಬಗೆಯವಲ್ಲ. ಎರಡೋ ಮೂರೋ ತಪ್ಪುಗಳೇ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬಂದಿರುತ್ತವೆ. ಒಬ್ಬನು ಆತುರದವನು, ಇನ್ನೊಬ್ಬನು ಗೆಲ್ಲುವ ಸ್ಥಿತಿ ಬಂದೊಡನೆ ಎಚ್ಚರ ತಪ್ಪುವವನು, ಮತ್ತೊಬ್ಬನು ತನ್ನ ಮಂತ್ರಿ ಹೋದರೆ ಮನಸ್ಸನ್ನೂ ಕಳೆದುಕೊಳ್ಳುವವನು. ಇದು ತಿಳಿದ ದಿನ ಅವನ ಕಲಿಕೆ ಆರಂಭವಾಯಿತು ಎನ್ನಬಹುದು.

ಇದು ಸಣ್ಣವರಿಗೆ ಹೇಳುವ ಮಾತು, ದೊಡ್ಡವರು ಇಂತಹ ಕೆಲಸ ಮಾಡುವುದಿಲ್ಲ ಎಂದು ಯಾರಾದರೂ ತಿಳಿದರೆ ಅದು ತಪ್ಪು. 1948ರಲ್ಲಿ ಜಗಜ್ಜೇತನಾದ ಸೋವಿಯತ್ ದೇಶದ ಬೋಟ್ವಿನಿಕ್ ತನ್ನ ಶಿಷ್ಯರಿಗೆ ಮುಖ್ಯವಾಗಿ ವಿಧಿಸುತ್ತಿದ್ದುದು ಇದನ್ನೇ. ತನ್ನ ಆಟಗಳನ್ನು ತಾನೇ ಪರೀಕ್ಷಿಸಿ ಬರೆಯಬೇಕು. ಬರೆದುದನ್ನು ಇತರರು ನೋಡಿ ಟೀಕಿಸುವಂತೆ ಪ್ರಕಟಿಸಬೇಕು. ಕಾರ್ಪೋವ್, ಕಾಸ್ಪರೋವ್ ಇಬ್ಬರೂ ಅವನ ಪಾಠಶಾಲೆಯಲ್ಲಿ ಕಲಿತವರು.

ಸೋತ ಆಟಗಳ ನಡುವೆ ಹವ್ಯಾಸಿಯು ಅಭ್ಯಾಸ ಮಾಡಬೇಕಾದ ಇನ್ನೊಂದು ವಿಷಯವಿದೆ. ಅದು ಆಟದ ಕೊನೆಯ ಭಾಗ. ಪುಸ್ತಕದ ಅಂಗಡಿಗೆ ಹೋದ ಹುಡುಗನು ಕೇಳುವುದು ಆರಂಭದ ನಡೆಗಳ ಪುಸ್ತಕವನ್ನು. ಹತ್ತು ನಡೆಗಳನ್ನು ಬಾಯಿಪಾಠ ಮಾಡುತ್ತಾನೆ. ಎದುರಾಳಿಯು ಮೂರನೆಯ ನಡೆಯಲ್ಲಿಯೇ ಪುಸ್ತಕವನ್ನು ಬಿಟ್ಟು ಹೋದರೆ ಇವನು ದಾರಿ ತಪ್ಪಿದ ಯಾತ್ರಿಕನಂತೆ ನಿಲ್ಲುತ್ತಾನೆ. ಕ್ಯೂಬಾ ದೇಶದ ಕಾಪಾಬ್ಲಾಂಕಾ ಜಗಜ್ಜೇತನಾದ 1921ರಲ್ಲಿಯೇ ಹೊರಬಂದ ಅವನ ಪಾಠಪುಸ್ತಕವು, ಒಂದು ಆನೆ ಹಾಗೂ ರಾಜ ಸೇರಿ ಒಂಟಿ ರಾಜನನ್ನು ಹಿಡಿಯುವುದು ಹೇಗೆ ಎಂಬಲ್ಲಿಂದ ತೊಡಗುತ್ತದೆ. ಕಾಯಿಗಳು ಕಡಿಮೆ ಇದ್ದಾಗ ಪ್ರತಿಯೊಂದು ಕಾಯಿಯ ನಿಜವಾದ ಬೆಲೆ ತಿಳಿಯುತ್ತದೆ ಎಂಬುದು ಅದರ ಹಿಂದಿನ ವಿವೇಕ.

ಒಂದು ಉದಾಹರಣೆಯನ್ನು ಹಲಗೆಯ ಮೇಲೆ ಇಟ್ಟು ನೋಡಿರಿ. ಬಿಳಿಯ ರಾಜ ಡಿ6ರಲ್ಲಿ, ಬಿಳಿಯ ಕಾಲಾಳು ಇ6ರಲ್ಲಿ, ಕಪ್ಪು ರಾಜ ಇ8ರಲ್ಲಿ. ಹಲಗೆಯ ಮೇಲೆ ಇರುವುದು ಈ ಮೂರೇ ಕಾಯಿಗಳು. ಈ ಆಟ ಗೆಲುವೋ, ಸಮವೋ? ಪ್ರಶ್ನೆಯನ್ನು ಕೇಳಿದೊಡನೆ ಉತ್ತರ ಹೇಳುವವನು ಆತುರಗಾರ. ಮೊದಲು ಯಾರ ಸರದಿ ಎಂದು ಕೇಳಬೇಕು. ಬಿಳಿಯ ಸರದಿಯಾದರೆ ಕಾಲಾಳು ಇ7ಕ್ಕೆ ಹೋಗುತ್ತದೆ. ಕಪ್ಪು ರಾಜನಿಗೆ ಎಫ್7 ಹೊರತು ಬೇರೆ ಮನೆಯೇ ಇಲ್ಲ; ಅವನು ಅಲ್ಲಿಗೆ ಸರಿದೊಡನೆ ಬಿಳಿಯ ರಾಜ ಡಿ7ಕ್ಕೆ ಬರುತ್ತಾನೆ, ಮುಂದಿನ ನಡೆಗೆ ಕಾಲಾಳು ಮಂತ್ರಿಯಾಗುತ್ತದೆ. ಕಪ್ಪಿನ ಸರದಿಯಾದರೆ ಅವನು ಡಿ8ಕ್ಕೆ ಬಂದು ಬಿಳಿಯ ರಾಜನಿಗೆ ಎದುರಾಗಿ ನಿಲ್ಲುತ್ತಾನೆ. ಈಗ ಕಾಲಾಳು ಇ7ಕ್ಕೆ ಹೋದರೆ ಅದು ಚೆಕ್; ಕಪ್ಪು ರಾಜ ಇ8ಕ್ಕೆ ಹಿಂದಿರುಗುತ್ತಾನೆ. ಬಿಳಿಯ ರಾಜ ಇ6ಕ್ಕೆ ಬಂದು ಕಾಲಾಳನ್ನು ಕಾಯ್ದರೆ ಕಪ್ಪಿಗೆ ನಡೆಯಲು ಮನೆಯಿಲ್ಲ, ಚೆಕ್ ಕೂಡ ಇಲ್ಲ, ಆಟ ಸಮ. ಬೇರೆಡೆ ಸರಿದರೆ ಕಾಲಾಳೇ ಹೋಗುತ್ತದೆ. ಇನ್ನೂ ಒಂದು ಸ್ವಾರಸ್ಯ ಇದರಲ್ಲಿದೆ. ಕಪ್ಪು ರಾಜನು ತನ್ನ ಸರದಿಯಲ್ಲಿ ಡಿ8ರ ಬದಲು ಇನ್ನೊಂದು ಬದಿಯ ಎಫ್8ಕ್ಕೆ ಹೋದರೆ ಬಿಳಿಯ ರಾಜ ಡಿ7ಕ್ಕೆ ಬಂದು ಗೆದ್ದೇ ಬಿಡುತ್ತಾನೆ. ಹಲಗೆಯ ಮೇಲೆ ಮೂರು ಕಾಯಿ, ಕಪ್ಪಿಗೆ ಇರುವುದು ಎರಡು ನಡೆ. ಒಂದು ಬದುಕು, ಇನ್ನೊಂದು ಸಾವು.

ಇದನ್ನು ನಾನು ನಮ್ಮ ಬೀದಿಯ ಒಬ್ಬ ಹುಡುಗನಿಗೆ ತೋರಿಸಿದಾಗ ಅವನು ಅರ್ಧ ಗಂಟೆ ಹಲಗೆಯನ್ನು ಬಿಟ್ಟು ಏಳಲಿಲ್ಲ. ಅವನು ಅದಕ್ಕೆ ಮುಂಚೆ ಸೋತೊಡನೆ ಹಲಗೆಯನ್ನು ಕೈಯಿಂದ ತಳ್ಳಿ, “ನನಗೆ ತಲೆಯಿಲ್ಲ ಮಾಷ್ಟ್ರೇ, ಇದು ತಲೆಯಿದ್ದವರ ಆಟ” ಎಂದು ಎದ್ದು ಹೋಗುತ್ತಿದ್ದವನು. ಎಷ್ಟೋ ಮಕ್ಕಳು ಚದುರಂಗವನ್ನು ಬಿಡುವುದು ಈ ಒಂದು ಮಾತಿನಿಂದ. ಅವರನ್ನು ಈ ಮಾತಿನಿಂದ ಬಿಡಿಸುವುದು ನನಗೆ ಯಾವ ಪ್ರಶಸ್ತಿಗಿಂತಲೂ ಮುಖ್ಯವಾಗಿ ಕಾಣುತ್ತದೆ. ಆದುದರಿಂದ ಈ ‘ತಲೆ’ಯ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಹಾಲೆಂಡಿನ ಡಿ ಗ್ರೂಟ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟ ದಾರಿಯಲ್ಲಿ ನಡೆದು ಅಮೆರಿಕದ ಚೇಸ್ ಮತ್ತು ಸೈಮನ್ ಎಂಬ ವಿದ್ವಾಂಸರು 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು ಐದು ಸೆಕೆಂಡುಗಳ ಕಾಲ ತೋರಿಸಿ ಮರೆಮಾಡುವುದು. ಬಳಿಕ ಅದನ್ನು ನೆನಪಿನಿಂದ ಜೋಡಿಸಲು ಹೇಳುವುದು. ಕುಶಲನಾದ ಆಟಗಾರನು ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಟ್ಟನು; ಹೊಸಬನಿಗೆ ನಾಲ್ಕೈದರ ಮುಂದೆ ಹೋಗಲಾಗಲಿಲ್ಲ. ಅನಂತರ ಅಷ್ಟೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಕುಶಲನೂ ಹೊಸಬನೂ ಹೆಚ್ಚುಕಡಿಮೆ ಒಂದೇ ಆದರು. ಕುಶಲನ ಜ್ಞಾಪಕಶಕ್ತಿ ದೈವದತ್ತವಾಗಿದ್ದರೆ ಹೀಗೆ ಆಗಬಾರದಿತ್ತು. ಓದಲು ಬಲ್ಲವನಿಗೆ ವಾಕ್ಯ ಒಂದೇ ನೋಟಕ್ಕೆ ಸಿಗುವಂತೆ ಅವನಿಗೆ ಆಟದ ಸ್ಥಿತಿ ಸಿಗುತ್ತದೆ. ಅಕ್ಷರಗಳನ್ನು ಚೆಲ್ಲಾಡಿದರೆ ಪಂಡಿತನೂ ತಡವರಿಸುತ್ತಾನೆ. ಹುಟ್ಟಿನಿಂದ ಬರುವ ವ್ಯತ್ಯಾಸ ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ಭಾರತದ ಗುಕೇಶ್ 2019ರಲ್ಲಿ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದನು; ಅಂತಹವರನ್ನು ಕಂಡು ಕೈಮುಗಿಯಬೇಕು, ಅವರೊಡನೆ ತನ್ನನ್ನು ಹೋಲಿಸಿಕೊಂಡು ಕೊರಗಬಾರದು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜ್‌ಕುಮಾರ್ ಅವರಿಗೆ ಆ ಬಿರುದು ದೊರೆತದ್ದು 2017ರಲ್ಲಿ, ಮೂವತ್ತೈದು ದಾಟಿದ ಮೇಲೆ. ಅವರು ರೈಲ್ವೆಯ ಉದ್ಯೋಗಿ. ಇದು ನಮಗೆ ಹೆಚ್ಚು ಹತ್ತಿರದ ಕಥೆ.

ಗುಕೇಶನ ಹೆಸರು ಬಂದುದರಿಂದ ಒಂದು ಘಟನೆಯನ್ನು ಹೇಳಬೇಕು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಅವನು ಚೀನದ ಡಿಂಗ್ ಲಿರೆನ್‌ನೊಡನೆ ಜಗಜ್ಜೇತ ಪದವಿಯ ಹದಿನಾಲ್ಕನೆಯ ಆಟವನ್ನು ಆಡುತ್ತಿದ್ದನು. ಅದುವರೆಗೆ ಇಬ್ಬರಿಗೂ ಆರೂವರೆ ಅಂಕ. ಆಟ ಸಮವಾಗುವಂತೆ ಎಲ್ಲರಿಗೂ ತೋರುತ್ತಿತ್ತು. ಐವತ್ತೈದನೆಯ ನಡೆಯಲ್ಲಿ ಡಿಂಗ್ ತನ್ನ ಆನೆಯನ್ನು ಎಫ್2ರಲ್ಲಿ ಇಟ್ಟನು. ಅದರಿಂದ ಆನೆಗಳು ವಿನಿಮಯವಾಗುವವು, ಅವುಗಳ ಹಿಂದೆ ಒಂಟೆಗಳೂ ವಿನಿಮಯವಾಗುವವು. ಉಳಿಯುವುದು ರಾಜರು ಮತ್ತು ಕಾಲಾಳುಗಳು. ಆ ಲೆಕ್ಕದಲ್ಲಿ ಗೆಲುವು ಗುಕೇಶನದು. ಹದಿನೆಂಟರ ಹುಡುಗ ಜಗಜ್ಜೇತನಾದನು. ಆನೆಯನ್ನು ಇಡುವ ಮುನ್ನ ಒಂದು ಗಳಿಗೆ ನಿಂತು ನೋಡದಿರುವ ದೋಷ ನಮ್ಮ ಜಗಲಿಯದು ಮಾತ್ರವಲ್ಲ ಎಂದು ತಿಳಿದು ನನಗೆ ಸಮಾಧಾನವೂ ಆಯಿತು, ಡಿಂಗ್‌ನ ವಿಷಯದಲ್ಲಿ ಮರುಕವೂ ಆಯಿತು.

ಎದುರಾಳಿಯ ಆಯ್ಕೆಯ ವಿಷಯದಲ್ಲಿ ಒಂದೆರಡು ಮಾತು ಸಾಕು. ಯಾವಾಗಲೂ ಸೋಲುವವನೊಡನೆ ಆಡಿದರೆ ಅಹಂಕಾರ ಬೆಳೆಯುತ್ತದೆ. ಯಾವಾಗಲೂ ಗೆಲ್ಲುವವನೊಡನೆ ಆಡಿದರೆ ಏನು ನಡೆಯಿತೆಂಬುದೇ ತಿಳಿಯುವುದಿಲ್ಲ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವು 1970ರಲ್ಲಿ ಅಂಗೀಕರಿಸಿದ ಈಲೋ ಅಂಕಗಳ ಪದ್ಧತಿಯಂತೆ, ಇನ್ನೂರು ಅಂಕ ಮೇಲಿರುವವನು ನಾಲ್ಕು ಆಟಗಳಲ್ಲಿ ಸುಮಾರು ಮೂರರಷ್ಟು ಅಂಕಗಳನ್ನು ಪಡೆಯಬೇಕು. ನಾಲ್ಕರಲ್ಲಿ ಒಂದನ್ನು ನಮಗೆ ಬಿಡುವಂತಹ ಎದುರಾಳಿ ಒಳ್ಳೆಯ ಗುರು.

ಇಂದಿನ ಮಕ್ಕಳಿಗೆ ಗುರುವಿನ ಕೊರತೆಯಿಲ್ಲ ಎಂದು ಹೇಳುವವರಿದ್ದಾರೆ. 1997ರಲ್ಲಿ ಗಣಕಯಂತ್ರವೊಂದು ಕಾಸ್ಪರೋವನನ್ನು ಪಂದ್ಯದಲ್ಲಿ ಸೋಲಿಸಿತು. ಈಗ ಕಿಸೆಯಲ್ಲಿರುವ ಫೋನೇ ಅದಕ್ಕಿಂತ ಬಲಶಾಲಿ. ಆಟ ಮುಗಿದ ಮರುಗಳಿಗೆಯಲ್ಲಿ ಪ್ರತಿಯೊಂದು ನಡೆಗೂ ಅದು ತೀರ್ಪು ಕೊಡುತ್ತದೆ. ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದು ಸರಿಯಾದ ನಡೆ ಯಾವುದೆಂದು ಹೇಳಬಲ್ಲುದೇ ಹೊರತು, ನೀನು ತಪ್ಪು ನಡೆಯನ್ನು ಏಕೆ ಇಷ್ಟಪಟ್ಟೆ ಎಂಬುದನ್ನು ಹೇಳಲಾರದು. ಅದು ನಿನಗೆ ಮಾತ್ರ ಗೊತ್ತು. ಗಣಿತದ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರವನ್ನು ಮೊದಲೇ ನೋಡಿದವನ ಗತಿ ಏನಾಗುತ್ತದೆಂದು ಒಂಬತ್ತನೆಯ ತರಗತಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಮೊದಲು ತಾನೇ ಹುಡುಕಬೇಕು, ಹಾಳೆಯಲ್ಲಿ ಬರೆಯಬೇಕು; ಯಂತ್ರದ ಬಾಗಿಲು ತಟ್ಟುವುದು ಆಮೇಲೆ.

ಇಷ್ಟೆಲ್ಲ ಶ್ರಮಪಟ್ಟು ಬರುವ ಫಲವೇನು ಎಂದು ತಂದೆತಾಯಿಗಳು ಕೇಳುತ್ತಾರೆ. ಚದುರಂಗ ಕಲಿತರೆ ಗಣಿತದಲ್ಲಿ ಹೆಚ್ಚು ಅಂಕ ಬರುತ್ತದೆ ಎಂದು ಕೆಲವರು ಆಸೆ ಹುಟ್ಟಿಸುವುದೂ ಉಂಟು. ಇಂಗ್ಲೆಂಡಿನಲ್ಲಿ ನೂರು ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂತಹ ಯಾವ ಲಾಭವೂ ಕಂಡುಬರಲಿಲ್ಲ. ಆ ವರದಿಯಿಂದ ನನಗೆ ಸಂತೋಷವೇ ಆಯಿತು. ಹಾಡಲು ಕಲಿಯುವವನನ್ನು ಅದರಿಂದ ಭೂಗೋಳದಲ್ಲಿ ಎಷ್ಟು ಅಂಕ ಬರುತ್ತದೆ ಎಂದು ನಾವು ಕೇಳುತ್ತೇವೆಯೆ? ಈ ನೆಲದಲ್ಲಿ ಚದುರಂಗಕ್ಕೆ ಬಹುಕಾಲದ ಗೌರವವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅದರ ವರ್ಣನೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ರಾಜ್ಯಭಾರವು ಆಂಗ್ಲರ ಕೈಗೆ ಹೋದ ಮೇಲೆ ದೀರ್ಘಕಾಲ ಬದುಕಿದ್ದು, ಹಲಗೆಯ ಆಟಗಳಲ್ಲಿ ಬಹಳ ಆಸಕ್ತಿ ವಹಿಸಿದರು. ಒಂದೇ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸಿ, ನಡೆಗಳ ಸಂಖ್ಯೆಗಳನ್ನು ಮನೆಗಳಲ್ಲಿ ಬರೆದರೆ ಸಾಲುಗಳ ಮೊತ್ತ ಒಂದೇ ಆಗುವಂತಹ ದಾರಿಗಳನ್ನು ಅವರು ಹುಡುಕಿದರು. ಅದರಿಂದ ಅವರಿಗೆ ರಾಜ್ಯ ಮರಳಿ ಬರಲಿಲ್ಲ. ಬರುವುದೆಂದು ಅವರು ಹುಡುಕಿದವರೂ ಅಲ್ಲ.

ಹಲಗೆಯನ್ನು ತಳ್ಳಿ ಏಳುತ್ತಿದ್ದ ಆ ಹುಡುಗ ದೊಡ್ಡ ಆಟಗಾರನಾಗಲಿಲ್ಲ. ತಾಲೂಕು ಮಟ್ಟದ ಪಂದ್ಯಗಳಲ್ಲಿ ಒಮ್ಮೆ ಗೆಲ್ಲುತ್ತಿದ್ದ, ಎರಡು ಸಲ ಸೋಲುತ್ತಿದ್ದ. ಆದರೆ ಸೋತ ದಿನ ಲೆಕ್ಕದ ಪುಸ್ತಕವನ್ನು ಮಳೆಗೆ ನೆನೆಯದಂತೆ ಅಂಗಿಯೊಳಗೆ ಇಟ್ಟುಕೊಂಡು ನೇರವಾಗಿ ನಮ್ಮ ಜಗಲಿಗೆ ಬರುತ್ತಿದ್ದ. ಕೊಡೆಯನ್ನು ಮೂಲೆಗೆ ಇಟ್ಟು, ಕಾಯಿಗಳನ್ನು ಜೋಡಿಸಿ, ಇಪ್ಪತ್ತೆರಡನೆಯ ನಡೆಯ ಹತ್ತಿರ ಬಂದು ನಿಲ್ಲುತ್ತಿದ್ದ. “ಇಲ್ಲಿಯವರೆಗೆ ನಾನೇ ಚೆನ್ನಾಗಿದ್ದೆ ಮಾಷ್ಟ್ರೇ. ಇಲ್ಲಿ ನನಗೆ ಏನಾಯಿತು, ನೋಡುವ” ಎನ್ನುತ್ತಿದ್ದ. ನಾವಿಬ್ಬರೂ ನೋಡುತ್ತಿದ್ದೆವು. ಅಷ್ಟರಲ್ಲಿ ಎದುರು ಜಗಲಿಯಲ್ಲಿ ಆ ಇಬ್ಬರು ಗೆಳೆಯರ ಐದನೆಯ ಆಟ ಮುಗಿದು ಆರನೆಯದಕ್ಕೆ ಕಾಯಿಗಳು ಸಾಲುಗೂಡುತ್ತಿದ್ದವು.